ಸೆರಗಿನ ತುದಿಯ ನೀರು

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮೇಲಿನ ಮೊದಲ ಬೇಸಿಗೆ. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಇನ್ನೂ ಬಂದಿರಲಿಲ್ಲ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಓಣಿಯಲ್ಲಿ ನಾಯಿಯೂ ಅಡ್ಡಾಡದ ಮಧ್ಯಾಹ್ನದ ಹೊತ್ತು.

ಡ್ಯೂಟಿ ಮುಗಿಸಿ ಬಂದ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಗೊಲ್ಲಾಳಪ್ಪ ತನ್ನ ಮನೆಯ ಬಾಗಿಲಲ್ಲೇ ನಿಂತುಬಿಟ್ಟ.

ಒಳಗೆ, ಅವನು ಎಂದೂ ನೋಡದ ಹೆಣ್ಣೊಬ್ಬಳು ಅವನ ಮಗಳು ಚಂದ್ರಿಯನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಸೆರಗಿನ ತುದಿಯನ್ನು ಚರಿಗೆಯಲ್ಲಿ ಅದ್ದಿ ಕೂಸಿನ ತುಟಿಗೆ ಹಿಂಡುತ್ತಿದ್ದಳು.

"ಏನ್ ಕುಡಸ್ಲಿಕತ್ತೀರಿ?"

ಅವಳು ಬೆಚ್ಚಿದಳು. "ನೀರ್ರಿ…"

"ನೀರು ಹಾಕು ಅಂತ ಯಾರ್ ಹೇಳ್ಯಾರ ನಿಮಗ?"

ಅವಳು ಲಾಲಮ್ಮ, ಪಕ್ಕದ ಮನೆಯ ಅಮೃತಪ್ಪನ ತಂಗಿ. ಮದುವೆಯಾದ ವರ್ಷದೊಳಗೆ ಗಂಡ ತೀರಿಕೊಂಡಿದ್ದ. ಚಿತ್ತಾಪುರದ ತವರಿನಿಂದ ಅಣ್ಣನ ಮನೆಗೆ ಮೊನ್ನೆಯಷ್ಟೇ ಬಂದಿದ್ದಳು.

ಚಂದ್ರಿಗೆ ವಾಂತಿಭೇದಿ ಹತ್ತಿತ್ತು. ಭೇದಿಯಾಗುವ ಕೂಸಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆಂದು ಆಗ ಮನೆಮನೆಯಲ್ಲೂ ನಂಬಿದ್ದರು. ಗೊಲ್ಲಾಳಪ್ಪನ ತಾಯಿ ಗುಂಡಮ್ಮ ಹಾಲು, ನೀರು ಎರಡನ್ನೂ ನಿಲ್ಲಿಸಿದ್ದಳು. ಈಗ ಮೊಮ್ಮಗಳನ್ನು ಲಾಲಮ್ಮನ ಕೈಗಿಟ್ಟು ತಾಯತ ತರಲು ದರ್ಗಾಕ್ಕೆ ಹೋಗಿದ್ದಳು. ಹೋಗುವಾಗಲೂ ಅದನ್ನೇ ಹೇಳಿ ಹೋಗಿದ್ದಳು… ನೀರು ಮಾತ್ರ ಹಾಕಬ್ಯಾಡವ್ವ.

ಲಾಲಮ್ಮನಿಗೂ ಬೇರೆ ಏನೂ ಗೊತ್ತಿರಲಿಲ್ಲ. ಆದರೆ ಆ ಕೂಸು ತನ್ನದೇ ಒಣ ತುಟಿ ನೆಕ್ಕುವುದನ್ನು ಅವಳಿಂದ ನೋಡಲಾಗಿರಲಿಲ್ಲ. ನಿನ್ನೆಯಿಂದ, ಮುದುಕಿ ಅತ್ತ ತಿರುಗಿದಾಗಲೆಲ್ಲ ಕದ್ದು ಹನಿಹನಿಯಾಗಿ ಕುಡಿಸಿದ್ದಳು.

ಈಗ ಕೂಸಿನ ಕತ್ತು ಅವಳ ತೋಳಿನ ಮೇಲೆ ವಾಲಿತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು.

"ಚಂದ್ರಿ… ಚಂದ್ರವ್ವಾ…" ಎಂದು ಗೊಲ್ಲಾಳಪ್ಪ ಕೂಗಿದ.

ಲಾಲಮ್ಮ ಎತ್ತಿಕೊಂಡು ಸ್ಟೇಷನ್ನಿನ ಕಡೆ ಓಡಿದಳು. ಗೊಲ್ಲಾಳಪ್ಪ ಅವಳ ಹಿಂದೆ ಓಡಿದ. ದೊಡ್ಡ ದವಾಖಾನೆ ಇದ್ದದ್ದು ಶಹಾಬಾದಿನಲ್ಲಿ; ಪ್ಯಾಸೆಂಜರ್ ಬರಲು ಇನ್ನೂ ಹೊತ್ತಿತ್ತು. ಶಹಾಬಾದಿನ ಕಡೆ ಹೊರಟು ನಿಂತ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಿಂದ ಗಾರ್ಡ್ ಬಂದೇಅಲಿ ಬಗ್ಗಿ ನೋಡಿದ.

"ಹತ್ತವ್ವ, ಹತ್ತು. ಗೊಲ್ಲಾಳ್ಯಾ, ನೀನೂ ಹತ್ತು."

"ಸಾಹೇಬ್ರು ನೋಡಿದ್ರ ನಿಮ್ಮ ನೌಕರಿ…"

"ನೌಕರಿ ನಂದದ, ನಿಂದಲ್ಲ. ಹತ್ತು."

ಡಬ್ಬಿ ಒಲೆಯ ಹಾಗೆ ಕಾದಿತ್ತು. ಹಳಿಯ ಸದ್ದಿನ ನಡುವೆ ಗೊಲ್ಲಾಳಪ್ಪನ ದನಿ ಒಡೆಯಿತು.

"ನೀವು ಹಡದಿದ್ರ ಗೊತ್ತಾಗ್ತಿತ್ತು. ಇಕಿನ್ನ ಹಡದಾಕಿನೂ ಹೋದಳು. ಇಕಿಗೇನರ ಆದ್ರ ನಾ ಯಾರ ಮಾರಿ ನೋಡಿ ಬದುಕಲಿ?"

ಲಾಲಮ್ಮ ಕೂಸನ್ನು ಎದೆಗೆ ಅವಚಿಕೊಂಡಳು. ಹಡೆಯದ ಹೊಟ್ಟೆಯಲ್ಲಿ ಆ ಮಾತು ಎಲ್ಲಿ ನಾಟಿತೋ ಅವಳಿಗೇ ಗೊತ್ತು. 'ಕರುಳು ತಡೆಯದೆ ಕುಡಿಸಿದೆ… ಅದೇ ವಿಷವಾಯಿತೇ… ನಾನೇ ಕೊಂದೆನೇ…'

ಶಹಾಬಾದಿನ ದವಾಖಾನೆಯಲ್ಲಿ ನರ್ಸ್ ಮರೆಮ್ಮ ಕೂಸಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ಚಿವುಟಿದ ಚರ್ಮ ಹಾಗೇ ನಿಂತಿತು. ಡಾಕ್ಟರು ಊಟ ಬಿಟ್ಟು ಎದ್ದು ಬಂದರು. ನರ ಸಿಗದೆ ಒದ್ದಾಡಿ, ಕೊನೆಗೆ ತಲೆಯಲ್ಲಿ ಸೂಜಿ ಹಾಕಿ ಸಲಾಯಿನ್ ಹಚ್ಚಿದರು.

"ನಿನ್ನೆಯಿಂದ ಏನು ಕೊಟ್ಟೀರಿ?"

"ಏನೂ ಕೊಟ್ಟಿಲ್ರಿ," ಅಂದ ಗೊಲ್ಲಾಳಪ್ಪ. "ನೀರು ಸೈತ ಬಂದ್ ಮಾಡೀವಿ."

ಅವಳನ್ನು ಬೈಗುಳದಿಂದ ಉಳಿಸಲು ಹಾಗೆ ಹೇಳಿದನೋ, ಏನೋ. ಲಾಲಮ್ಮನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಸುಳ್ಳ್ರಿ. ನಾ ನೀರು ಕೊಟ್ಟೀನಿ, ಕದ್ದು ಕೊಟ್ಟೀನಿ. ತಪ್ಪು ನಂದು. ನನಗ ಬೇಕಾದ್ದು ಅನ್ರಿ… ಕೂಸಿನ್ನ ಉಳಸ್ರಿ."

ಡಾಕ್ಟರು ತಲೆ ಎತ್ತಿದರು. "ಎಷ್ಟು ಕೊಟ್ಟಿ?"

"ಸೆರಗು ಅದ್ದಿ ಅದ್ದಿ… ಎಲ್ಲಾ ಕೂಡಿ ಒಂದು ಚರಿಗಿ ಆಗಿರಬೇಕ್ರಿ."

"ಆ ಚರಿಗಿ ನೀರಿಗೇ ಇದರ ಜೀವ ನಿಂತದವ್ವ. ಭೇದಿಯಾಗಿ ಮೈಯಾಗಿನ ನೀರೆಲ್ಲಾ ಹೋಗ್ಯಾದ. ನೀ ಹಾಕಿದ್ದೂ ಇಲ್ಲದಿದ್ರ ಇಲ್ಲಿ ತನಕ ಬರ್ತಿದ್ದಿಲ್ಲ."

ಗೊಲ್ಲಾಳಪ್ಪ ಗೋಡೆ ಹಿಡಿದು ಕುಳಿತುಬಿಟ್ಟ.

ಸಂಜೆಯಾಗುವ ಮೊದಲು ಚಂದ್ರಿ ಲಾಲಮ್ಮನ ಸೀರೆಯೆಲ್ಲ ತೋಯುವಂತೆ ಉಚ್ಚೆ ಹೊಯ್ದಳು. "ಇನ್ನ ಅಂಜಬ್ಯಾಡ್ರಿ," ಎಂದು ಮರೆಮ್ಮ ನಕ್ಕಳು. "ಇಷ್ಟೊತ್ತು ಇದಕ್ಕೇ ಕಾಯ್ಕೋತ ಕುಂತಿದ್ದೆ." ಲಾಲಮ್ಮ ಅಳುತ್ತಲೇ ನಕ್ಕಳು.

ಮರುದಿನ ಗುಂಡಮ್ಮ ತಾಯತ ಹಿಡಿದು ಬಂದಳು. ಮರೆಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಮುಂದೆ ಭೇದಿಯಾದರೆ ನೀರು ನಿಲ್ಲಿಸಬಾರದೆಂದು ಮೆಲ್ಲಗೆ ತಿಳಿಸಿ ಹೇಳಿದಳು. ಮುದುಕಿ ತಾಯತವನ್ನು ಮುಷ್ಟಿಯಲ್ಲಿ ಹಿಡಿದು ಕೂಸಿನ ಕಡೆ ತಿರುಗಿದಳು.

"ಹಂಗಾದ್ರ… ಗೊಲ್ಲಾಳ್ಯಾನಕಿಂತ ಮೊದಲು ಭೇದಿಗೆ ಹೋದ ನನ್ನ ಎರಡು ಕೂಸುಗೋಳು…"

ಲಾಲಮ್ಮ ಅವಳ ಕೈ ಹಿಡಿದುಕೊಂಡಳು.

"ಆಗ ಯಾರಿಗೆ ಗೊತ್ತಿತ್ತು, ಯವ್ವಾ? ಉಳೀಲಿ ಅಂತೇ ಮಾಡೀರಿ ನೀವು."

ಚಂದ್ರಿ ಮನೆಗೆ ಬಂದ ಮೇಲೆ, ಒಂದು ಸಂಜೆ ಗೊಲ್ಲಾಳಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಮೃತಪ್ಪನ ಅಂಗಳಕ್ಕೆ ಬಂದ. ಲಾಲಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ನಾಳೆ ಊರಿಗೆ ಹೊಂಟೀರಂತ."

"ಹೌದ್ರಿ."

"ಅವತ್ತು ಗಾಡ್ಯಾಗ ನಾ ಅಂದಿದ್ದು… ಅದು ಅನ್ನೋ ಮಾತಲ್ಲ."

"ಕೂಸಿನ ಸಲುವಾಗಿ ಅಂಜಿ ಅಂದೀರಿ. ಬಿಡ್ರಿ."

"ಅಂಜಿಕಿ ಈಗೂ ಅದ."

"ಈಗ್ಯಾಕ್ರಿ? ಆರಾಮ ಆಗ್ಯಾಳಲ್ಲ."

"ನೀ ಹೋಗ್ತಿ ಅಂತ."

ಮಡಚುತ್ತಿದ್ದ ಕೈ ನಿಂತಿತು. ಅವನು ನೆಲ ನೋಡುತ್ತಲೇ ಮುಂದುವರಿಸಿದ.

"ನಮ್ಮ ಮಂದ್ಯಾಗ ಉಡಿಕಿ ನಡೀತದ. ಗಂಡ ಸತ್ತಾಕಿಗೆ ಸೀರಿ ಉಡಿಸಿ ಮತ್ತ ಮನಿ ತುಂಬಿಸ್ಕೋತಾರ. ಕೂಸಿಗೆ ತಾಯಿ ಬೇಕಂತ ಕೇಳ್ಲಿಕತ್ತಿಲ್ಲ, ಲಾಲಮ್ಮ. ನನಗ ನೀ ಬೇಕು."

ಅವಳು ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. 'ಕೂಸಿನ ನೆವ ಇಲ್ಲದೆ… ನನ್ನನ್ನೇ…'

"ನಮ್ಮಪ್ಪನ್ನ ಕೇಳ್ರಿ."

"ಮೊದಲು ನಿನ್ನ ಕೇಳ್ಲಿಕತ್ತೀನಿ."

"ಮನಸಿಲ್ಲದ ಅಪ್ಪನ್ನ ಕೇಳ್ರಿ ಅಂತಿದ್ನೇನು?"

ಪಕ್ಕದ ಬಾಗಿಲಿನಿಂದ ಗುಂಡಮ್ಮನ ದನಿ ಬಂತು. "ಚಿತ್ತಾಪುರದ ಗಾಡಿ ಎಷ್ಟಕ್ಕದ ಅನ್ನೋದರ ಹೇಳ್ರಿ ಯಾರರ."

ಮರುದಿನ ಶುಕ್ರವಾರ; ಮನೆಯ ಹೆಣ್ಣನ್ನು ಕಳಿಸುವ ದಿನವಲ್ಲವೆಂದು ಲಾಲಮ್ಮನನ್ನು ವಾಡಿಯಲ್ಲೇ ನಿಲ್ಲಿಸಿಕೊಂಡರು. ಲಾಲಮ್ಮನ ಅಪ್ಪನನ್ನು ಕಾಣಲು ಗುಂಡಮ್ಮ ಒಬ್ಬಳೇ ಮುಂಜಾನೆಯ ಗಾಡಿ ಹತ್ತಿ ಹೋದಳು.