ಮೂವತ್ತೇಳನೇ ಟ್ಯೂಬು

ಮೂವತ್ತಾರು ಹೆಂಗಸರು. ಎಲ್ಲರ ರಕ್ತದಲ್ಲೂ ಗಂಡಸರಷ್ಟು ಟೆಸ್ಟೋಸ್ಟೆರಾನ್!

ಬೆಳಗ್ಗೆ ಒಂಬತ್ತಕ್ಕೆ ಮೌನ ಪರದೆಯನ್ನು ಎರಡೆರಡು ಸಲ ನೋಡಿದಳು.

ಚೆನ್ನೈನ ಶೋಳಿಂಗನಲ್ಲೂರಿನ ಆ ಲ್ಯಾಬಿನಲ್ಲಿ ಎರಡು ತಿಂಗಳಿಂದ ಎರಡು ವಿಧಾನಗಳ ಹೋಲಿಕೆ ನಡೆದಿತ್ತು. ಒಂದೇ ರಕ್ತ, ಯಂತ್ರಕ್ಕೊಂದರಂತೆ ಎರಡು ಟ್ಯೂಬು. ಮೌನ ನೋಡಿಕೊಳ್ಳುವ ಹಳೆಯ ಯಂತ್ರ ಪ್ರತಿಕಾಯಗಳಿಂದ ಹಾರ್ಮೋನನ್ನು ಹಿಡಿದು ಲೆಕ್ಕ ಹೇಳುತ್ತದೆ. ಹರಿಪ್ರಿಯಾಳ ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನೇ ತೂಗಿ ಗುರುತಿಸುತ್ತದೆ. ಹೆಂಗಸರಲ್ಲಿ ಈ ಹಾರ್ಮೋನು ಇರುವುದೇ ಚಿಟಿಕೆಯಷ್ಟು. ಆ ಚಿಟಿಕೆಯನ್ನು ಸರಿಯಾಗಿ ಅಳೆಯುವುದು ಯಾವುದು?

"ಸ್ವಲ್ಪ ಹೆಚ್ಚುಕಡಿಮೆ ಬರ್ತಿತ್ತು, ಒಪ್ಪಿದೆ. ಇದೇನಮ್ಮ?" ಮುಖ್ಯಸ್ಥ ಡಾ. ಸತ್ಯಾತ್ಮ ಗುಡುಗಿದರು. "ಇವರೆಲ್ಲರಿಗೂ ಗಡ್ಡೆ ಇದೆಯಾ ನೋಡಿ ಅಂತ ಸ್ಕ್ಯಾನ್‌ಗೆ ಕಳಿಸ್ಲಾ? ಸಂಜೆಯೊಳಗೆ ಕಾರಣ ಹೇಳು. ಇಲ್ಲದಿದ್ರೆ ನಾಳೆಯಿಂದ ಯಂತ್ರ ಸೀನಿಯರ್ ಜಯಲಕ್ಷ್ಮೀಗೆ. ನಿನ್ನ ಕೆಲಸ ಇಲ್ಲಿಗೆ ಮುಗೀತು."

ಮೌನ ಹಾಸನದಿಂದ ಬಂದು ಐದು ತಿಂಗಳು. ಇನ್ನೂ ಪ್ರೊಬೇಷನ್.

"ಟೆನ್ಷನ್ ಬೇಡ ಪಾ," ಎಂದಳು ಹರಿಪ್ರಿಯಾ. "ನಿನ್ನ ಟ್ಯೂಬುಗಳನ್ನೇ ನನ್ನ ಮಷೀನಲ್ಲಿ ಓಡಿಸ್ತೀನಿ."

ಅದೂ ಚುಚ್ಚಿತು. ಸರ್ ಜೊತೆ ತಮಾಷೆ ಮಾಡಬಲ್ಲವಳು ಅವಳು. ಸೆಮಿನಾರಿಗೆ ಹೋಗುವವಳು ಅವಳು. ಸೊಂಟ ಮುಟ್ಟುವ ಜಡೆಯೂ ಅವಳದೇ. ಈಗ ಕರುಣೆಯೂ ಅವಳದೇ ಆಗಬೇಕೆ?

* * *

ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ಅವೇ ಟ್ಯೂಬುಗಳು, ಆದರೆ ಎಲ್ಲರದೂ ಚಿಟಿಕೆಯಷ್ಟೇ!

ಅಂದರೆ ಹಾರ್ಮೋನು ಹೆಚ್ಚಿಲ್ಲ. ಏನೋ ಹಳೆಯ ಯಂತ್ರದ ಕಣ್ಣಿಗೆ ಮಣ್ಣೆರಚಿದೆ. ಏನದು? ಮೌನಳಿಗೆ ತರಬೇತಿಯ ಪಾಠ ನೆನಪಾಯಿತು. ಬಯೋಟಿನ್. ಕೂದಲು ಬೆಳೆಯಲು ನುಂಗುವ ವಿಟಮಿನ್. ರಕ್ತದಲ್ಲಿ ಅದು ಅತಿಯಾದರೆ ಈ ಯಂತ್ರ ಇಲ್ಲದ ಹಾರ್ಮೋನನ್ನೂ ಇದೆ ಎನ್ನುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಮೋಸ ಹೋಗುವುದಿಲ್ಲ. ಮೂವತ್ತಾರು ಮಂದಿಯೂ ಒಟ್ಟಿಗೆ ಅದನ್ನು ನುಂಗಿರಲಾರರು; ಯಾರೋ ಟ್ಯೂಬುಗಳಿಗೇ ಹಾಕಿದ್ದಾರೆ.

ಹರಿಪ್ರಿಯಾಳ ಮೇಜಿನ ಮೇಲೇ ಇತ್ತು, ಅವಳು ದಿನಾ ನುಂಗುವ 'ಮುಡಿ ಮಾತ್ರೆ'ಯ ಪಟ್ಟಿ. ಬಯೋಟಿನ್. ಅರ್ಧ ಖಾಲಿ.

ಸಿಕ್ಕಿಬಿದ್ದಳು! ಮೌನಳ ಎದೆಯಲ್ಲಿ ಹಾಲು ಉಕ್ಕಿದಂತಾಯಿತು. ಹಳೆಯ ಯಂತ್ರಕ್ಕೆ ಕೆಟ್ಟ ಹೆಸರು ಬಂದರೆ ಗೆಲ್ಲುವವಳು ಯಾರು? ಟ್ಯೂಬುಗಳನ್ನಿಡುವ ಫ್ರೀಜರಿನ ಕೀಲಿ ಇರುವುದು ಮೂವರ ಬಳಿ: ತಾನು, ಹರಿಪ್ರಿಯಾ, ಜಯಲಕ್ಷ್ಮೀ.

ಸರ್ ಬಾಗಿಲು ತಟ್ಟಲು ಕೈ ಎತ್ತಿದಳು. ಮತ್ತೊಮ್ಮೆ ಫಲಿತಾಂಶಗಳ ಪಟ್ಟಿ ನೋಡಿದಳು. ಕೈ ಅಲ್ಲೇ ನಿಂತಿತು.

ಮೂವತ್ತೇಳನೇ ಸಾಲು. ಅದು ಯಾವ ಹೆಂಗಸಿನ ರಕ್ತವೂ ಅಲ್ಲ. ಯಂತ್ರ ಸರಿಯಿದೆಯೇ ಎಂದು ನೋಡಲು ಮೌನ ತಾನೇ ಇಡುವ, ಹಾರ್ಮೋನೇ ಇಲ್ಲದ ದ್ರವ. ಸೊನ್ನೆ ಬರಬೇಕಾದ ಅದರಲ್ಲೂ ಗಂಡಸಿನ ಮಟ್ಟ! ಆ ಟ್ಯೂಬಿನ ಮೇಲೆ ಅವಳು ಕೈಯಾರೆ ಕನ್ನಡದಲ್ಲಿ ಬರೆದಿದ್ದಳು: ಖಾಲಿ.

ಇಲ್ಲಿ ಕೆಲಸ ಮಾಡುವ ಯಾರೂ ಖಾಲಿ ಟ್ಯೂಬಿಗೆ ಕೈ ಹಾಕುವುದಿಲ್ಲ. ಹಾಕಿದರೆ ಕಳ್ಳಾಟ ಬಯಲಾಗುತ್ತದೆ. ಹಾಕಿದವರಿಗೆ ಆ ಎರಡಕ್ಷರ ಓದಲು ಬರಲಿಲ್ಲ, ಅಷ್ಟೇ.

ಹರಿಪ್ರಿಯಾ, ಜಯಲಕ್ಷ್ಮೀ ಇಬ್ಬರೂ ಮನೆಯಲ್ಲಿ ಕನ್ನಡ ಮಾತಾಡುವವರು. ಇಬ್ಬರೂ ಇಲ್ಲೇ ತಮಿಳಿನಲ್ಲಿ ಓದಿದವರು. ಹರಿಪ್ರಿಯಾಗೆ ಓದಲು ಬರದಿರಲಿ ದೇವರೇ, ಎಂದುಕೊಂಡಳು ಮೌನ.

* * *

ಊಟದ ಕೋಣೆಯ ಮೇಜಿನ ಮೇಲೆ ಒಂದು ಸಿಹಿ ಡಬ್ಬಿ ಇಟ್ಟಳು. ಮುಚ್ಚಳದ ಮೇಲೆ ಬರೆದಳು: ಖಾಲಿ.

ಹರಿಪ್ರಿಯಾ ಬಂದು ಬಗ್ಗಿ ನೋಡಿ ನಕ್ಕಳು. "ಖಾಲಿ ಡಬ್ಬಿಗೆ ಬೋರ್ಡು ಬೇರೆನಾ?"

"ನಿಮಗೆ ಕನ್ನಡ ಓದೋಕೆ ಬರತ್ತಾ?"

"ನಮ್ಮ ಪಾಟಿ, ಅಂದ್ರೆ ಅಜ್ಜಿ, ಕಲಿಸಿದ್ರು. ದಿನಾ ಒಂದು ದಾಸರ ಪದ ಓದ್ಬೇಕು, ಇಲ್ಲಾಂದ್ರೆ ಕಾಫಿ ಕಟ್."

ಮೌನಳ ಮುಖ ಬಾಡಿತು.

ಆಗ ಜಯಲಕ್ಷ್ಮೀ ಬಂದರು. ಲ್ಯಾಬಿನ ಹಿರಿಯ ಟೆಕ್ನಿಷಿಯನ್. "ಏನೇ, ಊರಿಂದ ಸ್ವೀಟಾ?" ಎನ್ನುತ್ತಾ ಮುಚ್ಚಳ ತೆಗೆದರು. "ಚೀ! ಕಾಲಿ ಡಬ್ಬಿ!"

"ಮೇಲೇ ಬರೆದಿತ್ತಲ್ಲ ಜಯಕ್ಕ," ಎಂದಳು ಮೌನ.

ಜಯಲಕ್ಷ್ಮೀ ಮುಚ್ಚಳ ನೋಡಿದರು. ಓದಲು ಬರಲಿಲ್ಲ.

* * *

ಸತ್ಯಾತ್ಮರ ಎದುರು, ಜಯಲಕ್ಷ್ಮೀ ಇರುವಾಗಲೇ, ಮೌನ ತಡವರಿಸುತ್ತಲೇ ಎಲ್ಲ ಹೇಳಿದಳು. ಬಯೋಟಿನ್. ಮೂರು ಕೀಲಿ. ಓದಲಾಗದ ಎರಡಕ್ಷರ.

"ಓದಕ್ಕೆ ಬರಲ್ಲ ಅಂದ್ರೆ ಕಳ್ಳಿನಾ ಸರ್?" ಜಯಲಕ್ಷ್ಮೀ ಸಿಡಿದರು. "ಅದೊಂದು ಟ್ಯೂಬು ಸ್ಯಾಂಪಲ್ ಅಲ್ಲ ಅಂತ ಗೊತ್ತಿದ್ರೆ ನಾನು ಮುಟ್ತಿದ್ನಾ?"

ಮಾತು ಬಾಯಿಂದ ಜಾರಿತ್ತು.

"ಹದಿನೆಂಟು ವರ್ಷ ಆ ಮಷೀನನ್ನ ನಾನು ನೋಡಿಕೊಂಡೆ," ಎಂದರು ಕೊನೆಗೆ. ದನಿ ಒಡೆದಿತ್ತು. "ನಿನ್ನೆ ಬಂದ ಹುಡುಗಿ ಅದನ್ನ ಒರೆಸಿ ಒರೆಸಿ 'ನನ್ನ ಯಂತ್ರ' ಅಂತಾಳೆ. ಇವಳು ಹೋದ್ರೆ ಅದು ನನಗೇ ವಾಪಸ್ ಬರತ್ತೆ ಅಂದುಕೊಂಡೆ. ಮಾತ್ರೆ ಹರಿಪ್ರಿಯಾ ಮೇಜಿಂದ ತಗೊಂಡೆ. ನೀರಲ್ಲಿ ಕರಗಿಸಿ ತೊಟ್ಟುತೊಟ್ಟು ಹಾಕಿದೆ."

"ನಾಳೆಯಿಂದ ನೀವು ಬರಬೇಡಿ," ಎಂದರು ಸತ್ಯಾತ್ಮ. ಮೌನಳತ್ತ ತಿರುಗಿದರು. "ನೀನು ಬಾ. ಇನ್ನೊಂದು ಟ್ಯೂಬಿದೆಯಲ್ಲ, ಎಲ್ಲರದೂ ಮತ್ತೆ ಅಳೆಯಬೇಕು."

ಗೆದ್ದವಳಿಗೆ ಸಂತೋಷವಾಗಲಿಲ್ಲ. ಜಯಲಕ್ಷ್ಮೀ ಆಡಿದ ಮಾತು ತನ್ನದೇ ಹೊಟ್ಟೆಯಿಂದ ಬಂದಂತಿತ್ತು.

ಫ್ರೀಜರಿನ ಮುಂದೆ ಹರಿಪ್ರಿಯಾ ಟ್ಯೂಬುಗಳನ್ನು ತೆಗೆದಿಡುತ್ತಿದ್ದಳು.

"ಮೊದಲು ನಿಮ್ಮನ್ನೇ ಅನುಮಾನಿಸಿದೆ," ಎಂದಳು ಮೌನ.

"ಮಾತ್ರೆ ಇತ್ತಲ್ಲ, ಅದಕ್ಕೆ."

"ಅಲ್ಲ. ಮಾತ್ರೆ ಆಮೇಲೆ." ಮೌನ ಫ್ರೀಜರಿನ ಬಾಗಿಲು ಹಿಡಿದುಕೊಂಡಳು. "ನೀವೇ ಆಗಿರಲಿ ಅಂತ ಆಸೆಪಟ್ಟೆ. ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು."

ಹರಿಪ್ರಿಯಾ ನಗಲಿಲ್ಲ.

"ಶರಿ," ಎಂದು ರ‍್ಯಾಕನ್ನು ಅವಳತ್ತ ತಳ್ಳಿದಳು. "ಹಿಡ್ಕೋ. ಕರಗ್ತಿದೆ."