ಆರನೆಯ ಹಲಗೆ

ನಂಬಿ ಎಂದು ನಾನು ಹೇಳುವುದಿಲ್ಲ. ಫೈಲ್ ಇನ್ನೂ ನನ್ನ ಹತ್ತಿರ ಇದೆ.

ಹಿಮನಾಡಿನ ಕಡಲ ದಂಡೆ ವರ್ಷಕ್ಕೆಷ್ಟು ಕುಸಿಯುತ್ತದೆಂದು ಡ್ರೋನ್ ಚಿತ್ರಗಳಿಂದ ಅಳೆಯುವುದು, ದೂರದ ಕೊಲಿಂಡೇಲ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು ನಾನು ಮಾಡುವ ಕೆಲಸ. ಅಳತೆ ತಪ್ಪದಿರಲೆಂದು ದಂಡೆಯ ಮೇಲೆ ಮೊದಲು ಗುರುತಿನ ಹಲಗೆಗಳನ್ನು ಇಡುತ್ತಾರೆ; ಚಿತ್ರಗಳನ್ನು ಅವಕ್ಕೆ ಹೊಂದಿಸಿಯೇ ನಕ್ಷೆ ಕೂಡಿಸುವುದು. ನಮ್ಮ ತಂಡದ ಕಲ್ಲಯ್ಯ ಪ್ರತಿ ಹಲಗೆಗೂ ಮೂರು ಬೆರಳಿನಿಂದ ವಿಭೂತಿ ಎಳೆದೇ ಇಡುತ್ತಿದ್ದ. ಹೋದ ವರ್ಷ ಹಾಗೆ ಇಡುತ್ತಿದ್ದಾಗಲೇ ದಂಡೆ ಕುಸಿದು, ಹಲಗೆ ಸಮೇತ ಸಮುದ್ರದ ಪಾಲಾದ.

ಈ ಸಲದ ಚಿತ್ರಗಳನ್ನು ಮೊನ್ನೆ ಮಧ್ಯಾಹ್ನ ತೆರೆದೆ. ಹೀಟರ್ ಹಾಕಿದ್ದರೂ ಮೌಸ್ ಕೈ ಕೊರೆಯುವಷ್ಟು ತಣ್ಣಗಿತ್ತು. ಹಲಗೆಗಳು ಆರು ಇದ್ದವು. ಆರನೆಯದರ ಮೇಲೆ ಮೂರು ಬಿಳಿ ಗೆರೆ. ಡ್ರೋನ್ ಹಾರಿಸಿದ ಅಂಕಿತಾಳಿಗೆ ಫೋನ್ ಮಾಡಿ ಆ ಗೆರೆಗಳ ವಿಷಯ ಕೇಳಿದೆ.

"ನಾವು ಐದ ಹಲಗಿ ಇಟ್ಟಿದ್ವಿ ಸರ್," ಎಂದಳು. "ವಿಭೂತಿ ಹಚ್ಚೋರು ಈಗ ಯಾರದಾರ್ರಿ?"

ದಂಡೆ ಹನ್ನೊಂದು ಮೀಟರ್ ಹಿಂದೆ ಸರಿದಿತ್ತು. ಆರನೆಯ ಹಲಗೆ ಕಂಡ ಜಾಗದಲ್ಲಿ ಈಗ ಬರೀ ನೀರು. ಆದರೂ ಲೆಕ್ಕದಲ್ಲಿ ಅದರ ಎತ್ತರ ನೀರಿನಿಂದ ಒಂಬತ್ತು ಮೀಟರ್ ಮೇಲೆ, ಹೋದ ವರ್ಷದ ನೆಲದ ಮಟ್ಟಕ್ಕೇ ಬಂತು.

ಅದನ್ನು ಲೆಕ್ಕದಿಂದ ತೆಗೆದು ಮತ್ತೆ ಅಳೆದೆ. ಉಳಿದ ಐದೂ ಒಂದಕ್ಕೊಂದು ಹೊಂದಲಿಲ್ಲ. ಅದನ್ನು ಸೇರಿಸಿದಾಗ ನಕ್ಷೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು.

ವರದಿಯಲ್ಲಿ ಆರು ಹಲಗೆ ಎಂದೇ ಬರೆದು ಕಳಿಸಿದೆ.