ಹಾಡಿಗೆ ಮುಂಚಿನ ಮಾತು

"ಇದರಲ್ಲಿ ನಮ್ಮಪ್ಪ ಎಲ್ಲಿ, ಮೇಡಂ?"

ಬಾಗಿಲಲ್ಲೇ ನಿಂತು ಕೇಳಿದ ಅವನು. ಕೈಯಲ್ಲಿ ಅವಳೇ ಸಿದ್ಧಮಾಡಿದ ಹೊಸ ರೆಕಾರ್ಡು. ಅಂಗಿ ತೋಳಿನ ಮೇಲೆ ಎಣ್ಣೆ ಕಲೆ. ಹೊಲಿಗೆ ಮಷಿನ್ ರಿಪೇರಿ ಮಾಡೋನು ಅಂತ ಆಮೇಲೆ ಗೊತ್ತಾಯ್ತು.

ಅವಳು ಹೆಡ್‌ಫೋನ್ ಕೆಳಗಿಟ್ಟಳು. "ಅಪ್ಪ ಅಂದ್ರೆ...?"

"ಡ್ರಮ್ ಬಾರಿಸಿದೋರು. ನನಗೆ ಎರಡು ವರ್ಷ ಇದ್ದಾಗ್ಲೇ ಹೋಗ್ಬಿಟ್ರು. ಕೊನೇ ಹಾಡಿಗೆ ಮುಂಚೆ ಏನೋ ಮಾತಾಡಿದ್ರಂತೆ, ಅವರ ತಂಡದಲ್ಲಿ ಹಾಡ್ತಿದ್ದ ಮಾವ ಹೇಳಿದ್ರು. ಏನು ಅಂತ ಅವರಿಗೆ ನೆನಪಿಲ್ಲ. ಅಪ್ಪನ ಧ್ವನಿ ನಾನು ಕೇಳೇ ಇಲ್ಲ, ಮೇಡಂ. ಹೇಗಿತ್ತು ಅಂತ ಅಮ್ಮನ್ನ ಕೇಳಿದ್ರೆ 'ಚೆನ್ನಾಗಿತ್ತು' ಅಂತಾಳೆ. ಅಷ್ಟೇ."

ಅವಳು ಹೆಡ್‌ಫೋನಿನ ವೈರು ಸುತ್ತತೊಡಗಿದಳು.

"ಟೇಪಿನಲ್ಲಿ ಮಾತೇನೂ ಇರಲಿಲ್ಲ," ಅಂದುಬಿಟ್ಟಳು.

ಸುಳ್ಳು. ಅಪ್ಪಟ ಸುಳ್ಳು. ಬಾಯಿಂದ ಜಾರಿದ ಮಾತನ್ನ ವಾಪಸ್ ನುಂಗೋಕೆ ಆಗುತ್ತಾ?

ನಡೆದದ್ದು ಇಷ್ಟು. ಅರವತ್ತರ ದಶಕದಲ್ಲಿ ನಾಲ್ಕು ಜನ ಹುಡುಗರು ಒಂದು ಕಾರ್ ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಇಟ್ಕೊಂಡು ಬೀದಿಯವರ ನಿದ್ದೆ ಕೆಡಿಸಿದ್ದರು. ಒಂದು ರೆಕಾರ್ಡು ಬಂತು, ನಾಯಿಯೂ ಮೂಸಲಿಲ್ಲ. ವಾದ್ಯ ಮಾರಿ ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದರು. ಮೂವತ್ತು ವರ್ಷ ಕಳೆದ ಮೇಲೆ ಅವಳು ಕೆಲಸ ಮಾಡುವ ಪುಟ್ಟ ಕಂಪನಿ ಅದನ್ನೇ ಮತ್ತೆ ಹೊರತಂತು. ಈಗ ನೋಡಿ, ಪತ್ರಿಕೆ ತುಂಬಾ ಹೊಗಳಿಕೆ! ಅದರ ಕೊನೆಯ ಹಾಡು ಮಾತ್ರ ಹೊಸದು. ಶೆಡ್ಡಿನ ಅಟ್ಟದಲ್ಲಿ ಸಿಕ್ಕ ಒಂದೇ ಒಂದು ಟೇಪಿನದು.

ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರು ನೂರು ಸಲ ಹೇಳಿದ್ದರು, "ಹಳೇ ಟೇಪು ಒಂದೇ ಸಲ ಓಡುತ್ತೆ ಅಂದ್ಕೋ. ಮೊದಲು ಕಾಪಿ ಮಾಡೋ ಮಷಿನ್‌ನಲ್ಲಿ ರೆಕಾರ್ಡ್ ಬಟನ್ ಒತ್ತು, ಆಮೇಲೆ ಕೇಳು."

ಆ ದಿನ ಮಾಲೀಕರದು ಒಂದೇ ಅವಸರ. ಟೇಪು ಓಡಲು ಶುರುವಾಯ್ತು. ಕುರ್ಚಿ ಎಳೆದ ಸದ್ದು, ಯಾರದೋ ಮಾತು, ನಗು... 'ಹಾಳು ಹರಟೆ, ಹಾಡು ಬರಲಿ' ಅಂತ ಕಾದಳು. ಡ್ರಮ್ ಬಿದ್ದಾಗ ರೆಕಾರ್ಡ್ ಒತ್ತಿದಳು. ಹಾಡು ಸಿಕ್ಕಿತು. ಹಿಂದೆ ತಿರುಗಿಸಿ ಹಾಕಿದರೆ ಬರೀ ಪರಪರ ಸದ್ದು. ಟೇಪಿನ ಮೇಲೆ ಸದ್ದು ಹಿಡಿದಿಡೋ ಲೇಪವೆಲ್ಲ ಕಂದು ಪುಡಿಯಾಗಿ ಮಷಿನ್ ಮೇಲೆ ಉದುರಿತ್ತು. ಎಸೆಯೋಕೆ ಮನಸ್ಸಾಗದೆ ಒಂದು ಡಬ್ಬಿಗೆ ತುಂಬಿಟ್ಟಳು. ಯಾರಿಗೂ ಹೇಳಲಿಲ್ಲ.

ಸುಳ್ಳು ಕೇಳಿ ಹೋದವನು ಮರುವಾರ, ರೆಕಾರ್ಡಿನ ಮುಂದಿನ ಪ್ರತಿಗಳ ಹೊದಿಕೆಗೆ ಇರಲಿ ಅಂತ ಅಪ್ಪನ ಫೋಟೋ ಕೊಡೋಕೆ ಬಂದ. ಟೇಪ್ ಮಷಿನ್ ಕಿರುಗುಟ್ಟೋದು ಕೇಳಿ ಸುಮ್ಮನೆ ಹೋಗ್ತಾನಾ? "ಬೆಲ್ಟ್ ಸಡಿಲ ಆಗಿದೆ," ಅಂತ ಕೂತೇಬಿಟ್ಟ. ಆಮೇಲೆ ವಾರಕ್ಕೆರಡು ಸಲ ಏನಾದರೊಂದು ಕೆಡುತ್ತಿತ್ತು. ಕೆಲವು ಅವಳೇ ಕೆಡಿಸಿದ್ದು, ನಮಗೆ ಗೊತ್ತು.

ಕೆಲಸ ಮಾಡುವಾಗ ಅವನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಅದೇ ಡ್ರಮ್ಮಿನ ತಾಳ. ಅವಳಿಗೆ ಅವನು ಬೇಕಾಗಿದ್ದ... ಎಷ್ಟು ಬೇಕಾಗಿದ್ದನೋ ಅಷ್ಟೇ ಭಯ. ಹೇಳಿದರೆ ಹೋಗಿಬಿಡ್ತಾನೆ. ಹೇಳದಿದ್ದರೆ ದಿನಾ ಅವನ ಮುಖ ನೋಡೋದು ಹೇಗೆ?

ಒಂದು ಮಧ್ಯಾಹ್ನ ಅವನು ಸ್ಕ್ರೂ ಹುಡುಕುತ್ತಾ ಡ್ರಾಯರ್ ಎಳೆದ. ಡಬ್ಬಿ ತೆರೆದ.

"ಇದೇನಿದು, ತುಕ್ಕಾ?"

ಇನ್ನೊಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು.

"ಅಲ್ಲ," ಅಂದಳು. "ನಿಮ್ಮಪ್ಪನ ಧ್ವನಿ."

ಎಲ್ಲ ಹೇಳಿದಳು. ಅಳಲಿಲ್ಲ, ಅಳೋ ಹಕ್ಕು ತನಗಿಲ್ಲ ಅನಿಸಿತ್ತು.

ಅವನು ಡಬ್ಬಿಯ ಮುಚ್ಚಳ ಹಾಕಿದ. "ಮೊದಲ ದಿನಾನೇ ಹೇಳಿದ್ರೆ ಬೈದು ಹೋಗ್ತಿದ್ದೆ," ಅಂದ. "ಈಗ ಬೈಯೋಕೂ ಆಗ್ತಿಲ್ಲ."

ಡಬ್ಬಿ ತಗೊಂಡು ಹೊರಟುಹೋದ.

ಹನ್ನೊಂದು ದಿನ. ಟೇಪ್ ಮಷಿನ್ ಒಂದು ಸಲವೂ ಕೆಡಲಿಲ್ಲ. ಅದೇ ಅವಳಿಗೆ ಶಿಕ್ಷೆಯಾಗಿತ್ತು. ಮಾಡಿದ್ದುಣ್ಣೇ ಮಾರಾಯ್ತಿ ಅಂತ ತನ್ನನ್ನೇ ಬೈದುಕೊಂಡಳು.

ಹನ್ನೆರಡನೇ ದಿನ ಬಾಗಿಲಲ್ಲಿ ಅವನು. ಗಡ್ಡ ಬೆಳೆದಿತ್ತು.

"ಒಂದು ಮಾತು ಕೇಳಬೇಕಿತ್ತು. ನೀವು ಕೇಳಿಸ್ಕೊಂಡ್ರಲ್ಲ... ನೆನಪಿದೆಯಾ?"

ನೆನಪಿದೆಯಾ ಅಂತೆ. ಆ ಮಾತು ಎಷ್ಟು ರಾತ್ರಿ ಅವಳ ನಿದ್ದೆ ತಿಂದಿತ್ತೋ ಅವಳಿಗೇ ಗೊತ್ತು. ಈ ಲೋಕದಲ್ಲಿ ಅದು ಉಳಿದಿದ್ದು ಅವಳ ಕಿವಿಯಲ್ಲಿ ಮಾತ್ರ.

"ಸ್ವಲ್ಪ ಗೊಗ್ಗರು ದನಿ," ಅಂದಳು. "ಮಾತಿನ ಕೊನೆಗೆ ನಗು ತಡೆಯೋಕಾಗಲ್ಲ, ನಿಮ್ಮ ಹಾಗೇ. ಕುರ್ಚಿ ಎಳ್ಕೊಂಡು ಹೇಳ್ತಾರೆ... 'ಬೇಗ ಮುಗಿಸ್ರೋ. ನನ್ ಮಗ ಇನ್ನೂ ಎದ್ದಿರ್ತಾನೆ. ನಾನು ಬೆನ್ನು ತಟ್ಟದೆ ಮಲಗಲ್ಲ ಕಳ್ಳ. ಒಂದು, ಎರಡು, ಮೂರು...'"

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. ಮುಖ ಮುಚ್ಚಿಕೊಂಡು ಅತ್ತ. ಅವಳು ಹತ್ತಿರ ಹೋಗಿ, ಅಳುಕುತ್ತಲೇ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಸರಿಯಲಿಲ್ಲ.

"ನನ್ನ ಕ್ಷಮಿಸೋಕಾಗುತ್ತಾ?"

"ಗೊತ್ತಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ. ಆದ್ರೆ ನಿಮ್ಮನ್ನ ಬಿಟ್ಟಿರೋಕೆ ನೋಡ್ದೆ, ಅದೂ ಆಗ್ಲಿಲ್ಲ." ಕಣ್ಣೊರೆಸಿಕೊಂಡ. "ಅಮ್ಮನಿಗೂ ಹೇಳಬೇಕು ಇದನ್ನ. ಮನೆಗೆ ಬರ್ತೀರಾ?"

"ಬರ್ತೀನಿ."

"ಇನ್ನೊಂದ್ಸಲ ಹೇಳಿ."

ಹೇಳಿದಳು.

"ನಾನು ಮರೆತುಹೋದ್ರೆ?"

"ಪಕ್ಕದಲ್ಲೇ ಇರ್ತೀನಲ್ಲ. ಕೇಳಿದಾಗೆಲ್ಲ ಹೇಳ್ತೀನಿ."